ಗೇಟಿನ ಪಕ್ಕದ ತಾಕು

ಜೂನ್ ೧೨

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಂಥ ಬಿತ್ತನೆಯ ದಿನವನ್ನು ನಾನು ಕಂಡಿಲ್ಲ. ಮೈಯೆಲ್ಲ ಇನ್ನೂ ಉರಿಯುತ್ತಿದೆ. ಇಲ್ಲಿ ಕಾರಿಕೊಂಡರೆ ಊಟವಾದರೂ ಗಂಟಲಲ್ಲಿ ಇಳಿದೀತು.

ಮೆಕ್ಕೆಜೋಳಕ್ಕೆ ಗೊಬ್ಬರವನ್ನು ಎಲ್ಲಿ ಹಾಕಬೇಕು ಎನ್ನುವುದು ನಮ್ಮ ಕೇಂದ್ರದ ಈ ಸಲದ ಪರೀಕ್ಷೆ. ಎಷ್ಟು ಎಂದಲ್ಲ, ಎಲ್ಲಿ. ಗೊಬ್ಬರವೂ ಅದೇ, ತೂಕವೂ ಅದೇ. ಒಂದು ತಾಕಿನಲ್ಲಿ ಬೀಜದ ಜೊತೆಗೇ ಒಂದೇ ಸಾಲಿಗೆ, ಅದಕ್ಕೆ ಕೆಂಪು ಗೂಟ. ಇನ್ನೊಂದರಲ್ಲಿ ಬೀಜದಿಂದ ಎರಡು ಇಂಚು ಪಕ್ಕಕ್ಕೆ, ಎರಡು ಇಂಚು ಕೆಳಕ್ಕೆ, ಅದಕ್ಕೆ ನೀಲಿ. ಮತ್ತೊಂದರಲ್ಲಿ ಮಣ್ಣಿನ ಮೇಲೆ ಕೈಯಿಂದ ಚೆಲ್ಲುವುದು, ಹಳದಿ. ಏನೂ ಹಾಕದ್ದಕ್ಕೆ ಬಿಳಿ. ಇಂಥ ನಾಲ್ಕು ತಾಕುಗಳ ಗುಂಪು ನಾಲ್ಕು, ಒಟ್ಟು ಹದಿನಾರು ತಾಕು.

ಯಾವ ಗೂಟ ಎಲ್ಲಿ ಎಂದು ಬೆಳಿಗ್ಗೆ ಹೊಲದಲ್ಲೇ ಡಬ್ಬಿಯಿಂದ ಚೀಟಿ ಎತ್ತಿ ಗೊತ್ತುಮಾಡಿದೆವು. ಎತ್ತಿದ್ದು ಇಸ್ತ್ರಿ ಮೇಡಂ. ಹೊಸದಾಗಿ ಬಂದ ಅಧಿಕಾರಿ, ಮಣ್ಣಿನಲ್ಲಿ ನಿಂತರೂ ಬಟ್ಟೆಯ ಮಡಿಕೆ ಮುರಿಯದ ಹೆಂಗಸು. ಒಂದು ಕೈ ಕಿವಿಯ ಹತ್ತಿರ ಫೋನಿನಲ್ಲಿ, ಇನ್ನೊಂದು ಡಬ್ಬಿಯಲ್ಲಿ. ಎತ್ತಿದ ಚೀಟಿಯನ್ನು ಕಣ್ಣೆತ್ತಿಯೂ ನೋಡದೆ ನನ್ನ ಕೈಗೆ ತುರುಕುತ್ತಿದ್ದರು. ಓದಿದ್ದು ನಾನು, ಬರೆದಿದ್ದು ನಾನು, ಗೂಟ ನೆಟ್ಟಿದ್ದೂ ನಾನು. ಸಂಬಳ ಮಾತ್ರ ಅವರಿಗೆ ಮೂರು ಪಟ್ಟು. ಕೊನೆಯ ಗುಂಪಿನಲ್ಲಿ ಗೇಟಿನ ಪಕ್ಕಕ್ಕೇ ಕೆಂಪು ಬಂದು ಕೂತಿತು. ಬೀಜದ ಜೊತೆ ಗೊಬ್ಬರ ಬಿದ್ದರೆ ಮೊಳಕೆ ಸುಡುತ್ತದೆ. ಸುಟ್ಟ ತಾಕು ದಾರಿಯಲ್ಲಿ ಹೋಗುವವರ ಕಣ್ಣಿಗೇ ಬೀಳಬೇಕೆ ಎಂದು ನನ್ನಷ್ಟಕ್ಕೆ ಗೊಣಗಿಕೊಂಡೆ. ಕೇಳುವವರು ಯಾರಿದ್ದರು?

ಇನ್ನು ಶಿಳ್ಳೆ. ಟ್ರ್ಯಾಕ್ಟರ್ ಡ್ರೈವರ್. ಗುತ್ತಿಗೆಯವನು, ಬಂದು ಎರಡು ವರ್ಷವಾಗಿಲ್ಲ. ಕೂರಿಗೆಯ ಗೊಬ್ಬರದ ಕೊಳವೆಯನ್ನು ತಾಕಿನಿಂದ ತಾಕಿಗೆ ಬದಲಿಸಬೇಕು. ಅಷ್ಟು ಸೂಕ್ಷ್ಮದ ಕೆಲಸವನ್ನು ಸಿನಿಮಾ ಹಾಡು ಶಿಳ್ಳೆ ಹಾಕುತ್ತ ಮಾಡುತ್ತಾನೆ. ಬಿತ್ತನೆಯೆಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ತಿರುಗಿಸುವಾಗ ಕೂರಿಗೆಯ ಚೌಕಟ್ಟನ್ನು ಎತ್ತಲು ಮರೆತ. ಕೊನೆಯ ಗುಂಪಿನ ನಾಲ್ಕೂ ಗೂಟ ಬುಡಮೇಲು. ನಾನು ಕೂಗಾಡಿದ ರಭಸಕ್ಕೆ ನನ್ನದೇ ನೀರಿನ ಬಾಟಲಿ ಮಗುಚಿ ಫೀಲ್ಡ್ ಬುಕ್ಕಿನ ಮೇಲೆ ಸುರಿಯಿತು. ಅವನು ಇಳಿದು ಬಂದು ತಾನೇ ನೆಡುತ್ತೇನೆ ಎಂದ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ. ಅವನನ್ನು ಬೈಯುತ್ತಲೇ ನಾಲ್ಕನ್ನೂ ನಾನೇ ನೆಟ್ಟೆ. ಇವತ್ತಿಗೆ ಸಾಕು.

ಜೂನ್ ೧೩

ಫೀಲ್ಡ್ ಬುಕ್ಕನ್ನು ನೀಟಾಗಿ ಕಾಪಿ ಮಾಡಿದೆ. ಹೊಲದಲ್ಲಿ ಗೀಚಿದ ಮಣ್ಣಿನ ಪುಟವನ್ನು ಆಫೀಸಿನಲ್ಲಿ ಕೂತು ದುಂಡು ಅಕ್ಷರದಲ್ಲಿ ಬರೆದು, ಹಳೆಯದನ್ನು ಹರಿದು ಬುಟ್ಟಿಗೆ ಹಾಕುವುದು ನನ್ನ ಪದ್ಧತಿ. ತಪ್ಪಾದರೆ ಅಳಿಸಬಾರದು, ಒಂದೇ ಗೆರೆ ಹೊಡೆದು, ಮೇಲೆ ಸರಿಯಾದದ್ದನ್ನು ಬರೆದು ಕೆಂಪು ಶಾಯಿಯಲ್ಲಿ ಸಹಿ ಹಾಕಬೇಕು ಎಂಬುದು ನಿಯಮ. ನನ್ನ ಪುಸ್ತಕಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೂ ಕೆಂಪು ಸಹಿಯಿಲ್ಲ. ಇದನ್ನು ಬೇರೆ ಯಾರಾದರೂ ಹೇಳಲಿ ನೋಡೋಣ.

ಶಿಳ್ಳೆಯ ದಯೆಯಿಂದ ಕೊನೆಯ ನಾಲ್ಕು ಸಾಲು ನೀರಿನಲ್ಲಿ ಕಲಸಿಹೋಗಿದ್ದವು. ಬಿಸಿಲಲ್ಲಿ ಮತ್ತೆ ಹೊಲಕ್ಕೆ ಹೋಗಿ, ಗೂಟಗಳನ್ನು ನೋಡಿ ತುಂಬಿದೆ. ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಇವರು ಹೊಲಿಗೆ ಮೆಷಿನ್ ನಿಲ್ಲಿಸದೆಯೇ ಹೂಂಗುಟ್ಟಿದರು. ಟೈಲರ್‌ನನ್ನು ಕಟ್ಟಿಕೊಂಡವಳಿಗೆ ಗಂಡನ ಬೆನ್ನೇ ಗತಿ.

ಜೂನ್ ೨೫

ಅಂದುಕೊಂಡಿದ್ದೆ! ಅಂದುಕೊಂಡೇ ಇದ್ದೆ!

ಇವತ್ತು ಮೊಳಕೆ ಎಣಿಕೆ. ಮೊದಲ ಮೂರು ಗುಂಪು ಪಾಠದಲ್ಲಿದ್ದ ಹಾಗೇ ಇವೆ. ಕೆಂಪು ಗೂಟದ ತಾಕುಗಳಲ್ಲಿ ಹಲ್ಲು ಬಿದ್ದ ಬಾಯಿಯಂತೆ ಸಾಲು, ನೀಲಿಯಲ್ಲಿ ತುಂಬಿದ ಸಾಲು. ಕೊನೆಯ ಗುಂಪಿಗೆ ಬಂದರೆ ಎಲ್ಲ ಉಲ್ಟಾ. ಗೇಟಿನ ಪಕ್ಕ ನೀಲಿ ಗೂಟ, ಅದರ ಹಿಂದೆ ಅರ್ಧಕ್ಕರ್ಧ ಖಾಲಿ. ಅದರ ಮಗ್ಗುಲಲ್ಲಿ ಕೆಂಪು ಗೂಟ, ಅದರ ಹಿಂದೆ ಗಿಣಿಹಸಿರು.

ಕೈಗುದ್ದಲಿಯಿಂದ ಅಗೆದು ನೋಡಿದೆ. ಬೀಜದ ಮೈಗೇ ಗೊಬ್ಬರದ ಬಿಳಿ ಪುಡಿ ಅಂಟಿಕೊಂಡಿದೆ. ಮೊಳಕೆ ಹೊರಟಿದೆ, ತುದಿ ಕಂದಿ, ಸುರುಳಿ ಸುತ್ತಿ, ಮಣ್ಣಿನೊಳಗೇ ಸತ್ತಿದೆ. ಹನ್ನೊಂದು ಕಡೆ ಅಗೆದೆ, ಹನ್ನೊಂದರಲ್ಲೂ ಅದೇ. ಇದಕ್ಕೆ ದೊಡ್ಡ ವಿಜ್ಞಾನಿ ಬೇಕಾಗಿಲ್ಲ. ಶಿಳ್ಳೆ ಹಾಕುತ್ತ ಕೊಳವೆಯನ್ನು ಅದಲು ಬದಲು ಮಾಡಿದ್ದಾನೆ. ಇದರಿಂದ ಬಂದ ಲೆಕ್ಕವನ್ನು ನಂಬಿ ರೈತ ಬೀಜದ ಮೇಲೆಯೇ ಗೊಬ್ಬರ ಸುರಿದರೆ ಅವನ ಹೊಲ ಸುಡುತ್ತದೆ, ಇವನ ಹಾಡು ಸುಡುತ್ತದೆಯೇ?

ಜೂನ್ ೨೬

ಮೇಡಂ ಕೋಣೆಗೆ ಅವನನ್ನು ಕರೆಸಿದರು. ಸತ್ತ ಮೊಳಕೆಗಳನ್ನು ಕಾಗದದ ಮೇಲೆ ಸಾಲಾಗಿ ಜೋಡಿಸಿಕೊಂಡು ಹೋಗಿದ್ದೆ. ಅವನು ಅವುಗಳನ್ನು ನೋಡಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಗೂಟ ಹೆಂಗಿತ್ತೋ ಹಂಗೇ ಬಿತ್ತಿದ್ದೀನಿ ಅಕ್ಕಾ," ಎಂದ. "ಗೇಟಿನ ಪಕ್ಕ ಕೆಂಪಿತ್ತು."

ಎಂಥ ಎದೆಗಾರಿಕೆ! ನಾನು ಪುಸ್ತಕ ಬಿಚ್ಚಿ ಅವನ ಮೂಗಿನ ಕೆಳಗೆ ಹಿಡಿದೆ. ಗೇಟಿನ ಪಕ್ಕ, ನೀಲಿ. ದುಂಡು ಅಕ್ಷರದಲ್ಲಿ. ಇದು ಸುಳ್ಳಾ ಎಂದು ಕೇಳಿದೆ. ಅವನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತ ನಿಂತ. ತಾನು ಕಂಡದ್ದೇ ಕನಸೋ ಎಂದು ಅವನಿಗೇ ಅನುಮಾನ ಬಂದಂತೆ ಕಂಡಿತು. ಆಮೇಲೆ, ಪುಸ್ತಕದಲ್ಲಿ ಹಾಗಿದ್ದರೆ ತಾನೇನು ಹೇಳಲಿ ಎಂದ. ಮೇಡಂ ಅವನ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದರು.

ಸರಿಯಾಯಿತು. ಇವರಿಗೆ ಹೇಳಿದೆ. ಕತ್ತರಿ ಕೆಳಗಿಟ್ಟು, ಅವನಿಗೆ ಮಕ್ಕಳೆಷ್ಟು ಎಂದು ಕೇಳಿದರು. ಮಾತಿಗೂ ಕೇಳಿದ್ದಕ್ಕೂ ಏನು ಸಂಬಂಧ?

ಜುಲೈ ೧

ಹೋದ. ಶೆಡ್ಡಿನಲ್ಲಿ ಸ್ಪ್ಯಾನರುಗಳನ್ನೆಲ್ಲ ಒರೆಸಿ ಅಳತೆಯ ಪ್ರಕಾರ ತೂಗುಹಾಕಿ ಹೋಗಿದ್ದಾನೆ. ಇಷ್ಟು ಅಚ್ಚುಕಟ್ಟು ಮೊದಲೇ ಇದ್ದಿದ್ದರೆ ಆಗುತ್ತಿರಲಿಲ್ಲವೆ?

ಜುಲೈ ೪

ಹೊಸ ಡ್ರೈವರ್ ಬಂದಿದ್ದಾನೆ. ಶಿಳ್ಳೆ ಇಲ್ಲ, ಹಾಡು ಇಲ್ಲ. ಕಳೆ ತೆಗೆಯುವ ಯಂತ್ರ ಓಡಿಸುವಾಗ ಒಂದು ಸಾಲು ಗಿಡವನ್ನೇ ಕಿತ್ತ. ಹೊಲ ಯಾಕೋ ಬಿಕೋ ಎನ್ನುತ್ತಿತ್ತು. ಬಿಸಿಲಿಗಿರಬೇಕು.

ಜುಲೈ ೯

ಶಿಳ್ಳೆ ಬೇರೆ ಕೇಂದ್ರದಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾನಂತೆ. ಅಲ್ಲಿಂದ ಮೇಡಂಗೆ ಫೋನ್ ಬಂದಿದೆ. ಇವನ ಬಗ್ಗೆ ಏನಿದ್ದರೂ ಲಿಖಿತವಾಗಿ ಕೊಡಿ, ಇದ್ದರೆ ಎಲ್ಲ ಕೇಂದ್ರಗಳಿಗೂ ಕಳಿಸುತ್ತೇವೆ, ಆಮೇಲೆ ಯಾರೂ ತೆಗೆದುಕೊಳ್ಳುವುದಿಲ್ಲ ಎಂದಿದ್ದಾರೆ. ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸಂತೋಷವಾಗಿ ಒಪ್ಪಿಕೊಂಡೆ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಇಂಥ ದಿನ, ಇಂಥ ಹೊತ್ತು, ಇಂಥ ತಪ್ಪು ಎಂದು ಒಂದೊಂದಾಗಿ ಇರಬೇಕು. ಅದಕ್ಕೆ ಈ ಡೈರಿಯೇ ಇದೆಯಲ್ಲ ಎಂದು ಹಿಂದಿನ ಪುಟ ತೆರೆದೆ.

ಜೂನ್ ೧೨ ಓದಿದೆ.

ಜುಲೈ ೧೦

ಗೂಟ ಬೀಳಿಸಿದ್ದು ಯಾರು? ಅವನು. ಅವನು ಚೌಕಟ್ಟು ಎತ್ತಿದ್ದರೆ ಗೂಟ ಬೀಳುತ್ತಿರಲಿಲ್ಲ, ನಾನು ಕೂಗುತ್ತಿರಲಿಲ್ಲ, ನೀರು ಚೆಲ್ಲುತ್ತಿರಲಿಲ್ಲ. ಚೀಟಿಯನ್ನು ಮೇಡಂ ಕಣ್ಣು ಬಿಟ್ಟು ನೋಡಿದ್ದರೆ ಅವರಿಗಾದರೂ ನೆನಪಿರುತ್ತಿತ್ತು. ಎಲ್ಲರ ತಪ್ಪಿಗೂ ನಾನು ತಲೆ ಕೊಡಬೇಕೆ? ದೂರನ್ನು ಇನ್ನೂ ಬರೆದಿಲ್ಲ. ಪೆನ್ನಿನಲ್ಲಿ ಶಾಯಿ ಮುಗಿದಿದೆ.

ಜುಲೈ ೧೧

ಬೆಳಿಗ್ಗೆ ಕೊನೆಯ ಗುಂಪಿನ ಮುಂದೆ ಹೋಗಿ ನಿಂತೆ. ಹಳದಿ ಸರಿಯಾದ ಜಾಗದಲ್ಲೇ ಇದೆ, ಯಾಕೆಂದರೆ ಚೆಲ್ಲಿದ ಗೊಬ್ಬರದ ಕಾಳು ಅವತ್ತು ಮಣ್ಣಿನ ಮೇಲೆ ಕಾಣುತ್ತಿತ್ತು. ಬಿಳಿಯೂ ಸರಿಯಾಗಿದೆ, ಬೇಲಿಯ ಮೂಲೆಯದು. ಉಳಿದದ್ದು ಎರಡು ಗೂಟ, ಎರಡು ಗುಂಡಿ. ನನ್ನ ಕಣ್ಣು ಗೂಟದ ಮೇಲಿರಲಿಲ್ಲ, ಅವನ ಮುಖದ ಮೇಲಿತ್ತು. ಬೈಯುತ್ತ ನೆಟ್ಟೆ. ಮಾರನೆಯ ದಿನ ನನ್ನ ತಪ್ಪನ್ನೇ ನೋಡಿಕೊಂಡು ದುಂಡಾಗಿ ಬರೆದೆ. ಸರಿಯಾಗಿ ಬರೆದಿದ್ದ ಒಂದೇ ಪುಟವನ್ನು ಹರಿದು ಎಸೆದೆ.

ಅವನು ನಿಂತು ಹೇಳಿದ. ಗೇಟಿನ ಪಕ್ಕ ಕೆಂಪಿತ್ತು ಎಂದು ಹೇಳಿದ. ನಾನು ಅವನ ಮೂಗಿಗೆ ಪುಸ್ತಕ ಹಿಡಿದೆ. ನನ್ನ ಕೈಗಿಷ್ಟು ಬೆಂಕಿ ಬೀಳಲಿ.

ಜುಲೈ ೧೨

ಇವರಿಗೆ ಎಲ್ಲವನ್ನೂ ಹೇಳಿದೆ. ಮೆಷಿನ್ ನಿಲ್ಲಿಸಿದರು, ಮದುವೆಯಾದ ಮೇಲೆ ಇದು ಮೂರನೇ ಸಲ ಇರಬಹುದು.

"ಅಳತೆ ಬರೆದ ಚೀಟಿ ಹರಿದುಹಾಕಿ ಬಟ್ಟೆ ಕತ್ತರಿಸೋ ಟೈಲರ್‌ನ ನಾನಂತೂ ನೋಡಿಲ್ಲ ಮಾರಾಯ್ತಿ," ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂವತ್ತು ವರ್ಷ ಜೊತೆಗಿದ್ದವರು ಒಂದು ಸಮಾಧಾನದ ಮಾತು ಆಡಬಾರದೆ? ತಟ್ಟೆ ಸರಿಸಿ ಎದ್ದುಬಿಟ್ಟೆ. ಅವರೇ ತೊಳೆದಿಟ್ಟರು.

ಜುಲೈ ೧೩

ಮೇಡಂಗೆ ಹೇಳಿದೆ. ಕೂತು ಕೇಳಿದರು. ಬೈಯುತ್ತಾರೆ ಎಂದುಕೊಂಡು ಹಲ್ಲು ಕಚ್ಚಿ ನಿಂತಿದ್ದೆ. ಬೈಯಲಿಲ್ಲ. ನನ್ನ ಹೊಟ್ಟೆ ಉರಿದದ್ದೇ ಅಲ್ಲಿ.

ಕೊನೆಯ ಗುಂಪನ್ನು ಹೇಗಿದ್ದರೂ ಕೈಬಿಡುತ್ತೇವೆ ಎಂದರು. ಉಳಿದ ಮೂರು ಗುಂಪು ಚೊಕ್ಕವಾಗಿವೆ, ವರದಿಗೆ ಅಷ್ಟು ಸಾಕು, ಇದಕ್ಕೆ ಹಾನಿ ಎಂದು ಬರೆದರೆ ಮುಗಿಯಿತು. ಡ್ರೈವರ್ ಹೋಗಿಯಾಗಿದೆ. ನಿಮ್ಮ ನಿವೃತ್ತಿಗೆ ಉಳಿದದ್ದು ನಾಲ್ಕು ವರ್ಷ, ಇದನ್ನು ಯಾಕೆ ಕೆದಕುತ್ತೀರಿ ಎಂದು ನಯವಾಗಿ ಕೇಳಿದರು. ನೀರಿನ ಲೋಟವನ್ನೂ ನನ್ನ ಕಡೆಗೆ ಸರಿಸಿದರು.

ಅವನಿಗೆ ಕೆಲಸ ಸಿಗದೇ ಹೋದರೆ ಅದೂ ಚೊಕ್ಕವೇ ಎಂದು ಕೇಳಿದೆ. ನನ್ನ ದನಿ ಏರಿತ್ತು, ಹೊರಗೆ ಟೈಪ್ ಮಾಡುವ ಸದ್ದು ನಿಂತಿತು.

"ಪುಸ್ತಕ ತಿದ್ದಬೇಕು ಅಂದ್ರೆ ಆ ದಿನಾನೇ ಬರೆದ ದಾಖಲೆ ಬೇಕು," ಎಂದರು. "ನಿಮ್ಮ ನೆನಪು ದಾಖಲೆ ಅಲ್ಲ. ಅಂಥದ್ದು ಏನಾದ್ರೂ ಇದೆಯಾ?"

ಇದೆ ಎಂದೆ. ಬಾಯಿಂದ ಬಿದ್ದುಹೋಯಿತು. ಅವರು ಕೈ ಚಾಚಿದರು. ನಾಳೆ ತರುತ್ತೇನೆ ಎಂದು ಹೊರಗೆ ಬಂದೆ.

ಜುಲೈ ೧೪

ಮೊದಲಿಂದ ಓದಿದೆ. ಇಸ್ತ್ರಿ ಮೇಡಂ. ಸಂಬಳ ಮೂರು ಪಟ್ಟು. ಫೋನು. ಇದನ್ನು ಅವರ ಕೈಗೆ ಕೊಡಬೇಕು! ಹೊಟ್ಟೆಯೊಳಗೆ ಇಟ್ಟುಕೊಳ್ಳಲಾಗದ್ದನ್ನೆಲ್ಲ ಇದರಲ್ಲಿ ಇಟ್ಟವಳು ನಾನು. ಇನ್ನೊಬ್ಬರು ಓದುವುದಕ್ಕೆ ಅಲ್ಲ. ಇವರೂ ಇದನ್ನು ಒಂದು ದಿನವೂ ಮುಟ್ಟಿದವರಲ್ಲ. ಇಡೀ ದಿನ ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು.

ಸಂಜೆ ಇವರು ಗುಂಡಿ ಹೊಲಿಯುತ್ತ, "ಆ ಒಂದು ಪುಟ ಮಾತ್ರ ನೀಟಾಗಿ ಕಾಪಿ ಮಾಡ್ಕೊಂಡು ಹೋಗು," ಎಂದರು.

ನಾನು ದುರುಗುಟ್ಟಿ ನೋಡಿದೆ. ಅವರು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಮೀಸೆಯ ಅಡಿಯಲ್ಲಿ ನಗುತ್ತಿದ್ದರು ಎಂದು ನನಗೆ ಗೊತ್ತು.

ಕಾಪಿ ಮಾಡುವುದಿಲ್ಲ. ಒಂದಕ್ಷರವನ್ನೂ ಹೊಡೆದುಹಾಕುವುದಿಲ್ಲ. ಇದು ಹೀಗೇ ಹೋಗುತ್ತದೆ.

ಜುಲೈ ೧೫

ಕೊಟ್ಟೆ.

ನಿಂತೇ ಓದಿದರು. ಒಂದು ಕಡೆ ಬಂದಾಗ ಅವರ ಕೈ ತಾನಾಗಿ ತೋಳಿನ ಮಡಿಕೆಯ ಮೇಲೆ ಹೋಯಿತು. ಯಾವ ಸಾಲು ಎಂದು ನಾನು ಕೇಳಬೇಕಾಗಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ನಿಂತೆ, ಕಿವಿ ಸುಡುತ್ತಿತ್ತು. ಜುಲೈ ಹದಿಮೂರನೇ ತಾರೀಕನ್ನು ಎರಡು ಸಲ ಓದಿದರು. ಆಮೇಲೆ ಫೀಲ್ಡ್ ಬುಕ್ ತೆಗೆದು ನನ್ನ ಮುಂದಿಟ್ಟು ಕೆಂಪು ಪೆನ್ನು ಕೊಟ್ಟರು.

ನೀಲಿಯ ಮೇಲೆ ಒಂದು ಗೆರೆ. ಮೇಲೆ ಕೆಂಪು. ಕೆಂಪಿನ ಮೇಲೆ ಒಂದು ಗೆರೆ. ಮೇಲೆ ನೀಲಿ. ಸಹಿ, ತಾರೀಕು. ನನ್ನ ದುಂಡು ಅಕ್ಷರ ಎಲ್ಲಿ ಹೋಗಿತ್ತೋ, ಮೊದಲ ಸಲ ಬರೆಯುವ ಮಗುವಿನ ಬರಹದ ಹಾಗಿತ್ತು.

"ಫೋನ್ ವಿಷಯ ನಿಜ," ಎಂದರು ಮೇಡಂ. ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಅದನ್ನು ಹಾಕಲೇಬೇಕೆಂಬ ನಿಯಮವೇನೂ ಇಲ್ಲ.

ಡೈರಿಯ ಎರಡು ಪುಟ ಫೈಲಿಗೆ ಬೇಕಂತೆ. ಜೆರಾಕ್ಸ್ ಮಾಡುವವನು ಓದಿಕೊಂಡೇ ಮಾಡಿದ, ನಗು ತಡೆಯಲು ಕೆಮ್ಮಿದ. ಅವನ ಕೆಮ್ಮಿಗಿಷ್ಟು! ಮಧ್ಯಾಹ್ನದ ಹೊತ್ತಿಗೆ ಇಡೀ ಆಫೀಸಿಗೆ ಗೊತ್ತಾಗಿತ್ತು.

ಜುಲೈ ೧೭

ಹಳೆಯ ಡ್ರೈವರಿಗೆ ಆಫೀಸಿನಿಂದ ಕಾಗದ ಹೋಗುತ್ತದೆ, ಬೇರೆ ಕೇಂದ್ರಕ್ಕೂ ಹೇಳುತ್ತೇವೆ, ನೀವೇ ಹೋಗಬೇಕಾಗಿಲ್ಲ ಎಂದರು ಮೇಡಂ. ಹೋದೆ.

ಬಸ್ ನಿಲ್ದಾಣದ ಹಿಂದೆ ವಾಹನ ತೊಳೆಯುವ ಜಾಗದಲ್ಲಿ ಅವರು ಕೆಲಸ ಮಾಡುತ್ತಿದ್ದರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಲಾರಿಯ ಚಕ್ರಕ್ಕೆ ನೀರು ಬಿಡುತ್ತಿದ್ದರು. ನನ್ನನ್ನು ಕಂಡು ನೀರು ನಿಲ್ಲಿಸಿದರು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಒಂದೂ ಬರಲಿಲ್ಲ. ಗೂಟ ನಾನೇ ತಪ್ಪು ನೆಟ್ಟೆ ಎಂದಷ್ಟೇ ಹೇಳಿದೆ. ನಿಮ್ಮನ್ನು ಸುಳ್ಳುಗಾರ ಮಾಡಿದೆ ಎಂದೆ.

"ನಾನು ಅವತ್ತೇ ಹೇಳಿದ್ದೆನಲ್ಲಾ ಅಕ್ಕಾ," ಎಂದರು.

ಅಷ್ಟೇ. ಜೋರಾಗಿಯೂ ಅಲ್ಲ. ಮತ್ತೆ ನೀರು ಬಿಟ್ಟರು. ಬಸ್ಸಿನಲ್ಲಿ ಬರುವಾಗ ನನಗೆ ವಿಪರೀತ ಸಿಟ್ಟು ಬಂತು. ನಾಲ್ಕು ಮಾತು ಬೈಯಬಾರದೆ? ನಾನಾಗಿದ್ದರೆ ಆ ಪೈಪನ್ನು ಎದುರಿಗಿದ್ದವಳ ಕಡೆಗೇ ತಿರುಗಿಸುತ್ತಿದ್ದೆ. ಮನೆಗೆ ಬಂದು ಇವರ ಹತ್ತಿರ ಕೂತು ಅತ್ತೆ. ಡ್ರೈವರಿಗೆ ಮಕ್ಕಳು ಮೂವರಂತೆ, ಇವತ್ತು ಕೇಳಿಕೊಂಡು ಬಂದೆ.

ಆಗಸ್ಟ್ ೩

ಬಂದರು. ಡ್ರೈವರಿಗೆ ಮೊದಲಿನ ಗುತ್ತಿಗೆಯೇ. ಒಂದು ತಿಂಗಳ ಸಂಬಳ ಹೋದದ್ದು ಹೋದ ಹಾಗೆಯೇ. ಅದನ್ನು ಕೊಡಲು ನಿಯಮವಿಲ್ಲವಂತೆ. ಕೆಲಸದಿಂದ ತೆಗೆಯುವಾಗ ಯಾವ ನಿಯಮವನ್ನು ನೋಡಿದ್ದರು? ಲೆಕ್ಕಪತ್ರದ ಕೋಣೆಯಲ್ಲಿ ನಿಂತು ಕೇಳಿಯೇ ಬಂದೆ. ಇನ್ನೊಂದು ಅರ್ಜಿ ಬರೆದಿದ್ದೇನೆ.

ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಸದ್ದಿಲ್ಲ. ಶಿಳ್ಳೆ ಹಾಕುತ್ತಿಲ್ಲ.

ಅಕ್ಟೋಬರ್ ೯

ಕಟಾವು. ಹದಿನಾರು ತಾಕು, ಹದಿನಾರು ಚೀಲ. ತಕ್ಕಡಿಯ ಮುಂದೆ ಡ್ರೈವರ್, ಪುಸ್ತಕ ಹಿಡಿದು ನಾನು. ನೀಲಿಯ ನಾಲ್ಕು ತಾಕಿನ ಸರಾಸರಿ ಮೂವತ್ತೆಂಟು ಕಿಲೋ. ಚೆಲ್ಲಿದ ಹಳದಿಗೆ ಇಪ್ಪತ್ತೊಂಬತ್ತು. ಬೀಜದ ಜೊತೆ ಹಾಕಿದ ಕೆಂಪು ಇಪ್ಪತ್ನಾಲ್ಕರಲ್ಲೇ ನಿಂತಿತು. ಉಳಿದ ಗಿಡಗಳು ದಪ್ಪ ತೆನೆ ಕೊಟ್ಟವು ನಿಜ, ಆದರೆ ಸತ್ತವುಗಳ ಜಾಗವನ್ನು ಅವು ತುಂಬಲಿಲ್ಲ. ಬಿಳಿಗೆ ಹದಿನೈದು. ಗೊಬ್ಬರ ಅಷ್ಟೇ, ಹಾಕಿದ ಜಾಗ ಬೇರೆ.

ಕೊನೆಯ ಗುಂಪನ್ನೂ ಲೆಕ್ಕಕ್ಕೆ ಸೇರಿಸಿದರು. ಮೇಡಂ ವರದಿಯಲ್ಲಿ ತಿದ್ದುಪಡಿಯ ವಿಷಯವನ್ನೂ ಒಂದು ಸಾಲು ಬರೆದಿದ್ದಾರೆ. ಬಟ್ಟೆಗೆ ಮಣ್ಣಾಗಿತ್ತು, ಗಮನಿಸಿದ ಹಾಗೆ ಕಾಣಲಿಲ್ಲ.

ನವೆಂಬರ್ ೧೮

ಮುಂದಿನ ಬಿತ್ತನೆ. ಚೀಟಿ ಎತ್ತಿದ್ದು ಮೇಡಂ, ಫೋನು ಮೇಜಿನ ಮೇಲೆ ಬಿಟ್ಟು ಬಂದಿದ್ದರು. ಓದಿ ಹೇಳಿದ್ದು ಅವರೇ, ಬರೆದದ್ದು ನಾನು. ಮಣ್ಣಿನ ಪುಟವನ್ನು ಇನ್ನು ಹರಿಯುವುದಿಲ್ಲ. ಇವರು ಅದಕ್ಕೊಂದು ಬಟ್ಟೆಯ ಚೀಲ ಹೊಲಿದು ಕೊಟ್ಟಿದ್ದಾರೆ.

ಗೂಟ ನೆಟ್ಟು ಮುಗಿದ ಮೇಲೆ ಡ್ರೈವರಿಗೆ ಪುಸ್ತಕ ಕೊಟ್ಟು, ಒಂದು ಸಲ ನೋಡಿಕೊಂಡು ಶುರುಮಾಡಿ ಎಂದೆ. ಅವರು ಪುಟ ನೋಡಿದರು.

"ನಿಮ್ಮ ಅಕ್ಷರ ಚೆನ್ನಾಗಿದೆ ಅಕ್ಕಾ," ಎಂದರು. "ಆದ್ರೂ ನಾನೊಂದ್ಸಲ ಗೂಟ ನೋಡ್ಕೊಂಡು ಬರ್ತೀನಿ."

ಪುಸ್ತಕ ಹಿಡಿದುಕೊಂಡು ಹೋದರು. ಪ್ರತಿ ಗೂಟದ ಹತ್ತಿರ ನಿಂತು, ಪುಟ ನೋಡಿ, ಬಣ್ಣ ನೋಡಿ, ಮತ್ತೆ ಪುಟ ನೋಡಿ ಮುಂದಕ್ಕೆ ಹೋಗುತ್ತಿದ್ದರು. ಹದಿನಾರೂ ಮುಗಿಸಿ ಗೇಟಿನಿಂದ ತಿರುಗಿ ಬರುವವರೆಗೆ ನಾನು ಟ್ರ್ಯಾಕ್ಟರ್ ಪಕ್ಕ ಬಿಸಿಲಲ್ಲಿ ಕಾಯುತ್ತ ನಿಂತಿದ್ದೆ.